ಜಗುಲಿಯ ಮೇಲಿನ ಗುಳಿಗೆ

ಹೋದ ವಾರ ಗಂಗಾವತಿಯಲ್ಲಿ, ನಾನು ಔಷಧಿ ಕೊಡುವ ಕಿಟಕಿಗೆ ಒಬ್ಬ ಮುದುಕಿ ಬಂದು, ಖಾಲಿಯಾದ ಗುಳಿಗೆ ಪಟ್ಟಿಯೊಂದನ್ನು ಒಳಗೆ ತೂರಿಸಿ, “ಇಂಥಾವು ಕೊಡ್ರಿ” ಎಂದಳು. ಹೆಸರು ಓದಲು ಕಣ್ಣಿನ ಹತ್ತಿರ ತಂದೆ. ಪಟ್ಟಿಯಿಂದ ಕರ್ಪೂರದ ವಾಸನೆ ಬಂತು. ಅಂಚಿಗೆ ಕುಂಕುಮ ಹತ್ತಿತ್ತು. ಗುಳಿಗೆ ಕೊಟ್ಟೆ, ಎಷ್ಟು ಹೊತ್ತಿಗೆ ನುಂಗಬೇಕೆಂದು ಹೇಳಿದೆ, ಮುಂದಿನವರನ್ನು ಕರೆದೆ. ಆದರೆ ಆ ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಊಟ ಸೇರಲಿಲ್ಲ.

ಶರಣಮ್ಮನವರು ತೀರಿಕೊಂಡ ಸುದ್ದಿ ಬೇವೂರಿನಿಂದ ಬಂದು ಆಗಿನ್ನೂ ಹದಿನೈದು ದಿನವಾಗಿರಲಿಲ್ಲ. ಕಾಮಾಲೆ ಅಂತೆ, ತೋರಿಸಿಕೊಳ್ಳುವುದು ತಡವಾಯಿತಂತೆ. ಊರಿನವರೆಲ್ಲ ಸೇರಿ ಭಜನೆ ಮಾಡಿಸಿ ಕಳಿಸಿಕೊಟ್ಟರಂತೆ. ನಾನು ಮಣ್ಣಿಗೆ ಹೋಗಲಿಲ್ಲ. ರಜೆ ಸಿಗಲಿಲ್ಲ ಎಂದು ಮನೆಯಲ್ಲಿ ಹೇಳಿದೆ. ನಿಜ ಹೇಳಬೇಕೆಂದರೆ ರಜೆ ಕೇಳಿಯೇ ಇರಲಿಲ್ಲ.

ನಾನು ಅವರ ಜೊತೆ ಕೆಲಸ ಮಾಡಿದ್ದು ಒಂದೇ ವರ್ಷ. ಕುಷ್ಟಗಿ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಗೆ ನನ್ನನ್ನು ವರ್ಗ ಮಾಡಿದ್ದರು. ಊರಿನ ಹೆಸರು ಬೇಡ. ಕಾಲುವೆ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿಯ ತೌಡಿನ ವಾಸನೆ ನಡುವೆ ಬೆಳೆದ ನನಗೆ ಅಲ್ಲಿಯ ಗಾಳಿಯೂ ಒಗ್ಗಲಿಲ್ಲ, ಕೆಂಪು ದೂಳೂ ಒಗ್ಗಲಿಲ್ಲ. ಮನೆಯವರನ್ನು ಗಂಗಾವತಿಯಲ್ಲೇ ಬಿಟ್ಟು ಬಂದಿದ್ದೆ. ಸೋಮವಾರ ಬೆಳಿಗ್ಗೆ ಗಂಟು ಹಾಕಿಕೊಂಡ ಮುಖ ಶನಿವಾರ ಬಸ್ಸು ಹತ್ತುವಾಗಲೇ ಸಡಿಲವಾಗುತ್ತಿತ್ತು.

ನನ್ನ ಔಷಧಿ ಕೋಣೆಗೂ ಶರಣಮ್ಮನವರ ಕೋಣೆಗೂ ನಡುವೆ ಇದ್ದದ್ದು ಬರೀ ಒಂದು ಪ್ಲೈವುಡ್ ಹಲಗೆ. ಅವರ ಹುದ್ದೆಯ ಹೆಸರು ಆಪ್ತಸಮಾಲೋಚಕಿ. ಅಲ್ಲಿಯವರ ನಾಲಿಗೆ ಅದಕ್ಕೆ ಹೊರಳುತ್ತಿರಲಿಲ್ಲ. ಜನ ‘ಮಾತಿನ ಅಕ್ಕಾರು’ ಎನ್ನುತ್ತಿದ್ದರು. ಮನೋವೈದ್ಯರು ವಾರಕ್ಕೊಮ್ಮೆ ಕೊಪ್ಪಳದಿಂದ ಬಂದು ಗುಳಿಗೆ ಬರೆದು ಹೋಗುವರು. ಉಳಿದ ದಿನಗಳಲ್ಲಿ, ನಿದ್ದೆ ಬಾರದವರಿಗೆ, ಕಿವಿಯಲ್ಲಿ ಮಾತು ಕೇಳಿಸುವವರಿಗೆ, ಸುಮ್ಮಸುಮ್ಮನೆ ಅಳುವ ಹೆಣ್ಣುಮಕ್ಕಳಿಗೆ ಇದ್ದವರು ಇವರೊಬ್ಬರೇ.

ನಲವತ್ತು ದಾಟಿದ್ದರು, ಮದುವೆಯಾಗಿರಲಿಲ್ಲ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಹೆಗಲಿಗೊಂದು ಬಟ್ಟೆಯ ಚೀಲ. ಚೀಲದಲ್ಲಿ ತಮಗೆ ಬೇಕಾದ್ದಕ್ಕಿಂತ ಎರಡು ರೊಟ್ಟಿ ಹೆಚ್ಚಿಗೆ, ಒಂದು ಬಾಚಣಿಗೆ, ಒಂದು ಉಗುರು ಕತ್ತರಿಸುವ ಸಾಧನ. ಮನೆಯಲ್ಲಿ ಕಟ್ಟಿಹಾಕಿದ್ದ ಯಾರನ್ನಾದರೂ ಕರೆತಂದರೆ ಮೊದಲು ಹೆಸರು ಕೇಳುತ್ತಿರಲಿಲ್ಲ. ಎದುರಿಗೆ ಕೂರಿಸಿಕೊಂಡು, ಕೈ ಹಿಡಿದು, ಉಗುರು ತೆಗೆಯುವರು. ಹತ್ತೂ ಬೆರಳು ಮುಗಿಯುವ ಹೊತ್ತಿಗೆ ಎಂಥವರೂ ಒಂದೆರಡು ಮಾತು ಆಡಿರುತ್ತಿದ್ದರು. ಭಾನುವಾರ ಅವರಿಗೆ ರಜೆಯಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಆಸ್ಪತ್ರೆಗೆ ಬಾರದೆ ಉಳಿದವರ ಊರಿಗೆ ಬಸ್ಸು ಹತ್ತಿ ಹೋಗುವರು. ಯಾರು ಹೇಳಿದ್ದೂ ಅಲ್ಲ, ಯಾವ ಕಡತಕ್ಕೂ ಸೇರದ ಕೆಲಸ.

ನನಗೆ ದೇವರು ದಿಂಡರು ಅಷ್ಟಕ್ಕಷ್ಟೇ. ಅವರನ್ನು ಕೆಣಕುವುದೇ ನನ್ನ ಬೆಳಗಿನ ಫಲಾಹಾರ.

“ಏನ್ರಿ ಅಕ್ಕಾರ, ಶಿವ ಇವತ್ತ ಏನಂದ?”

“ಗಂಗಾವತಿ ಸರಗ ಬಿಸಲಿಗಿ ತಲಿ ಕಾದೈತಿ, ಮಜ್ಜಿಗಿ ಕೊಡು ಅಂದಾನ್ರಿ,” ಎನ್ನುವರು. ಹೇಳಿ ಸುಮ್ಮನಾಗದೆ ಮಜ್ಜಿಗೆಯನ್ನೂ ಕೊಡುವರು. ಹಲಗೆಯ ಮೇಲಿನ ಸಂದಿಯಿಂದ ಲೋಟ ಈ ಕಡೆ ಬರುತ್ತಿತ್ತು.

ಯಮನೂರಪ್ಪನನ್ನು ಅವನ ತಾಯಿ ಗಂಗವ್ವ ಕರೆತಂದದ್ದು ಶ್ರಾವಣದಲ್ಲಿ. ಇಪ್ಪತ್ತೇಳು ವರ್ಷದ ಹುಡುಗ. ಬೀಜದ ಕಂಪನಿಗಾಗಿ ಬೆಳೆಯುವ ಹೊಲಗಳಲ್ಲಿ, ಬಲೆ ಹೊದಿಸಿದ ಚಪ್ಪರದೊಳಗೆ, ಒಂದು ಹೂವಿನ ಪರಾಗವನ್ನು ಇನ್ನೊಂದು ಹೂವಿಗೆ ಮುಟ್ಟಿಸುವ ಕೆಲಸ ಅವನದು. ಆ ಕಡೆ ಅದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಕೈ ಹಗುರವಾಗಿರಬೇಕು, ಮನಸ್ಸು ಒಂದೇ ಕಡೆ ನಿಲ್ಲಬೇಕು. ಅವನ ಮನಸ್ಸು ನಿಲ್ಲದಾಗಿತ್ತು. ಹೂವುಗಳು ತನ್ನನ್ನು ಬೈಯುತ್ತವೆ ಎಂದು ಒಂದು ಸಾಲು ಪೂರ್ತಿ ಕಿತ್ತು ಹಾಕಿದ್ದ. ಅವನ ಹೆಂಡತಿ ರೇಣುಕಾ ಹಾಲು ಕುಡಿಯುವ ಹೆಣ್ಣುಕೂಸನ್ನು ಎತ್ತಿಕೊಂಡು ಯಲಬುರ್ಗಾ ಕಡೆಯ ತವರಿಗೆ ಹೋಗಿಬಿಟ್ಟಿದ್ದಳು.

ಗುಳಿಗೆ ಬರೆದುಕೊಟ್ಟರೂ ನುಂಗುತ್ತಿರಲಿಲ್ಲ. “ಇವು ಹುಚ್ಚರ ಗುಳಿಗಿ, ನನ್ನ ಹುಚ್ಚ ಮಾಡಾಕ ಹತ್ತೀರಿ ಅಂತಾನ್ರಿ. ಅಂಗಳಕ್ಕ ಉಗುಳ್ತಾನ್ರಿ,” ಎಂದು ಗಂಗವ್ವ ಕಣ್ಣೊರೆಸಿಕೊಂಡಳು. ಹಲಗೆಯ ಈ ಕಡೆ ನಾನು ಡಬ್ಬಿ ಜೋಡಿಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

“ಯಮನೂರಪ್ಪ, ನೀ ಯಾರ ಮಾತ ಕೇಳ್ತಿಯಪ್ಪಾ?” ಶರಣಮ್ಮ ಕೇಳಿದರು.

“ಹನುಮಪ್ಪಂದು,” ಎಂದ.

“ಹನುಮಪ್ಪ ಎಲ್ಲೆ ಅದಾನ?”

“ನಮ್ಮ ಜಗಲಿ ಮ್ಯಾಲ.”

ಮನೆದೇವರನ್ನು ಕೂರಿಸುವ ಕಟ್ಟೆಗೆ ಆ ಕಡೆ ಜಗುಲಿ ಎನ್ನುತ್ತಾರೆ. ಶರಣಮ್ಮನವರ ಧ್ವನಿಗೆ ಹುರುಪು ಬಂತು. “ಹಂಗಾರ ಗುಳಿಗೀನೂ ಅಲ್ಲೇ ಇಡೂಣು. ಜಳಕ ಮಾಡಿ, ಪೂಜಿ ಮಾಡಿ, ತೀರ್ಥದ ಕೂಡ ತಗೊಳ್ಳೂದು. ನಾ ಕೊಡಂಗಿಲ್ಲ, ನಿಮ್ಮವ್ವ ಕೊಡಂಗಿಲ್ಲ. ಆಂವನ ಕೊಟ್ರ?”

“ಆಂವ ಕೊಟ್ರ ತಗೋತೀನ್ರಿ.”

ತಗೊಂಡ. ಮೊದಮೊದಲು ನಾನು ನಕ್ಕೆ. ದಸರೆಯ ಹೊತ್ತಿಗೆ ನಗು ನಿಂತಿತು. ತಲೆ ಬಾಚಿಕೊಂಡು, ಶರ್ಟಿನ ಗುಂಡಿ ಹಾಕಿಕೊಂಡು, ತಾನೇ ಸೈಕಲ್ ಹೊಡೆದುಕೊಂಡು ಗುಳಿಗೆಗೆ ಬರತೊಡಗಿದ. ದೀಪಾವಳಿ ಕಳೆದ ಮೇಲೆ ಕ್ರಾಸಿಂಗಿಗೂ ಹೋದ. ಹಿರಿಯರು ಎರಡೂ ಕಡೆಯವರನ್ನು ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕೂರಿಸಿ ಮಾತಾಡಿದರು. ರೇಣುಕಾಳ ಅಪ್ಪ ಒಂದು ಕರಾರು ಹಾಕಿದ: “ಯುಗಾದಿ ತನಕಾ ಹಿಂಗ ಛಲೋ ಇದ್ರ ಮಗಳನ್ನ ಕಳಸ್ತೀನಿ. ನಡುವ ಒಂದು ಸಲ ಕೆಟ್ರೂ ಇಲ್ಲಿಗಿ ಮುಗೀತು.” ಆ ಮಾತನ್ನು ಯಮನೂರಪ್ಪನೇ ಬಂದು ನಮಗೆ ಹೇಳಿದ. ಹೇಳುವಾಗ ಕೂಸಿಗೆ ಕೊಂಡ ಒಂದು ಕಿನ್ನಾಳದ ಬಣ್ಣದ ಗೊಂಬೆಯನ್ನು ಕೈಯಲ್ಲೇ ಹಿಡಿದಿದ್ದ. ಯುಗಾದಿಗೆ ಇನ್ನೂ ಎಷ್ಟು ದಿನ ಎಂದು ಎರಡು ಸಲ ಕೇಳಿದ.

ಅವನ ಮೇಲೆ ಫಲಿಸಿದ್ದನ್ನು ಶರಣಮ್ಮ ಎಲ್ಲರಿಗೂ ಹೇಳತೊಡಗಿದರು. ಹನುಮಪ್ಪನಾಗಲಿ, ಹುಲಿಗೆಮ್ಮನಾಗಲಿ, ನಿಮ್ಮ ಮನೆದೇವರ ಮುಂದೆ ಗುಳಿಗೆ ಇಡಿ, ಪೂಜೆಯಾದ ಮೇಲೆ ನುಂಗಿ. ಹಳ್ಳಿಯವರಿಗೆ ಅದು ಒಪ್ಪಿಗೆಯಾಯಿತು. ಗುಳಿಗೆ ಬಿಡುವವರು ಕಡಿಮೆಯಾದರು. ಕೊಪ್ಪಳದ ಡಾಕ್ಟರು ಎಲ್ಲರ ಮುಂದೆ ಅವರನ್ನು ಹೊಗಳಿದರು. ಗುಳಿಗೆ ಕೊಡುವವನು ನಾನು, ಹೆಸರು ಇವರಿಗೆ ಎಂದು ನನಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿ ಎದ್ದಿತ್ತು. ಮುಚ್ಚಿಡುವುದೇನು, ಎದ್ದಿತ್ತು.

ಅದರ ಮೇಲೆ ಇನ್ನೊಂದು ನಡೆಯಿತು. ಮೂವತ್ತು ದಿನದ ಗುಳಿಗೆ ಕೊಡಬೇಕಾದ ಕಡೆ ನಾನು ಇಪ್ಪತ್ತೇ ದಿನದ್ದು ಕೊಡುತ್ತಿದ್ದೆ. ದಾಸ್ತಾನು ಮುಗಿದರೆ ತರಿಸುವ ಕಾಗದ ಪತ್ರದ ತಾಪತ್ರಯ ಬೇಡವೆಂದು. ದೂರದವರಿಗೆ ತೊಂದರೆಯಾಗುತ್ತದೆ ಎಂದು ಶರಣಮ್ಮ ಡಾಕ್ಟರಿಗೆ ಹೇಳಿದರು. ರೋಗಿಗಳ ಸಾಲಿನ ಮುಂದೆಯೇ ಡಾಕ್ಟರು ನನ್ನನ್ನು ಬೈದರು. ತಪ್ಪು ನನ್ನದೇ. ಆದರೂ ವಾರವಿಡೀ ನಾನು ಆ ಹಲಗೆಯ ಕಡೆ ಮಾತಾಡಲಿಲ್ಲ. ಮಜ್ಜಿಗೆಯ ಲೋಟ ಬಂದರೆ ಮುಟ್ಟದೆ ಬಿಟ್ಟೆ.

ಆ ಮುನಿಸಿನ ದಿನಗಳಲ್ಲೇ ಒಂದು ಮಧ್ಯಾಹ್ನ ಅವರು ನನ್ನ ಬಾಗಿಲಿಗೆ ಬಂದು ನಿಂತರು. ರಾಜಿಗೆ ಬಂದದ್ದು, ನನಗೆ ಗೊತ್ತಾಯಿತು.

“ಸಿಟ್ಟು ಬಿಡ್ರಿ ಸರ. ನೋಡ್ರಿ, ದೇವರ ಮುಂದ ಇಟ್ಟ ಗುಳಿಗಿ ಒಂದಿನಾನೂ ತಪ್ಪಂಗಿಲ್ಲ. ಪೂಜಿ ಯಾರರ ಬಿಡ್ತಾರೇನು? ನಾ ಎಂಟ ವರ್ಷದಾಕಿ ಇದ್ದಾಗ ಲಿಂಗಾ ಕಟ್ಯಾರ. ನಮ್ಮವ್ವ ತೀರಿದ ದಿನಾನೂ ನಾ ಪೂಜಿ ಬಿಟ್ಟಿಲ್ಲ.”

ಅವರ ಮಟ್ಟಿಗೆ ಅದು ನಿಜ. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ. ಮನೆಯಲ್ಲಿ ಹೆಣವಿದ್ದರೂ ಅಂಗೈಯ ಮೇಲೆ ಲಿಂಗವಿಟ್ಟು ಪೂಜಿಸುತ್ತಾರೆ. ನಮ್ಮ ಮನೆತನದಲ್ಲಿ ಹಾಗಲ್ಲ. ಅಣ್ಣತಮ್ಮಂದಿರ ಪೈಕಿ ಯಾರು ಸತ್ತರೂ ಜಗುಲಿಗೆ ಬಟ್ಟೆ ಮುಚ್ಚುತ್ತೇವೆ. ಹದಿಮೂರು ದಿನ ದೀಪವಿಲ್ಲ, ಪೂಜೆಯಿಲ್ಲ, ಆ ಕಡೆ ಕೈ ಚಾಚುವುದಿಲ್ಲ. ಗಂಗವ್ವನ ತವರು ನಮ್ಮೂರ ಪಕ್ಕದ್ದೇ, ನಮ್ಮ ಕುಲದವರೇ. ಅವರ ಮನೆಯಲ್ಲೂ ಹೀಗೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಸೂತಕ ಬಂದರೆ ಏನು ಮಾಡುತ್ತಾರೆ ಅಕ್ಕಾರ, ಎಂದು ಕೇಳಲು ಬಾಯಿ ತೆರೆದೆ. ಅಷ್ಟು ಕೇಳಿದ್ದರೆ ಸಾಕಿತ್ತು. ಅವರು ಅಂದೇ ಚೀಲ ಹೆಗಲಿಗೇರಿಸಿ ಮನೆಮನೆಗೆ ಹೋಗಿ ಹೇಳಿ ಬರುತ್ತಿದ್ದರು. ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಎಲ್ಲ ತಿಳಿದವರಲ್ಲವೇ, ತಾವೇ ತಿಳಿದುಕೊಳ್ಳಲಿ ಎನಿಸಿತು. “ಹೌದೌದ್ರಿ,” ಎಂದು ಡಬ್ಬಿಯ ಕಡೆ ತಿರುಗಿದೆ.

ಫಾಲ್ಗುಣದಲ್ಲಿ ಯಮನೂರಪ್ಪನ ದೊಡ್ಡಪ್ಪ ತೀರಿಕೊಂಡ. ವಯಸ್ಸಾದವನು, ಹಾಸಿಗೆ ಹಿಡಿದಿದ್ದವನು. ಗಂಗವ್ವ ಜಗುಲಿಗೆ ಬಿಳಿ ಬಟ್ಟೆ ಮುಚ್ಚಿದಳು. ಗುಳಿಗೆಯ ಪಟ್ಟಿ ಹನುಮಪ್ಪನ ಪಾದದ ಹತ್ತಿರ, ಬಟ್ಟೆಯೊಳಗೇ ಉಳಿಯಿತು. ಮೂರನೆಯ ದಿನ ಮಗನೇ ನೆನಪಿಸಿದನಂತೆ, “ಅವ್ವಾ, ಗುಳಿಗಿ?” ಸೂತಕದಲ್ಲಿ ದೇವರನ್ನು ಮುಟ್ಟುತ್ತಾರೇನಪ್ಪ ಎಂದು ಆಕೆ ಹೇಳಿದಳಂತೆ. ಅವನೂ ಹೌದೆಂದು ಸುಮ್ಮನಾದನಂತೆ. ಐದಾರು ದಿನಕ್ಕೆ ನಿದ್ದೆ ಹೋಯಿತು. ಮನೆಯಲ್ಲಿ ಸಾವಾಗಿದೆ, ಅದಕ್ಕೇ ಇರಬೇಕು ಎಂದುಕೊಂಡರು.

ಹದಿಮೂರನೆಯ ದಿನದ ಊಟಕ್ಕೆ ಬೀಗರೆಲ್ಲ ಬಂದರು. ಯುಗಾದಿಗೆ ಇನ್ನು ಒಂಬತ್ತು ದಿನವಿತ್ತು. ರೇಣುಕಾಳನ್ನೂ ಅವಳ ಅಪ್ಪ ಕರೆತಂದಿದ್ದ, ಹುಡುಗ ಹೇಗಿದ್ದಾನೆ ಎಂದು ಕಣ್ಣಾರೆ ನೋಡಿದಂತಾಗಲಿ ಎಂದು. ಕಂಡದ್ದು ಇದು: ಊಟದ ಪಂಕ್ತಿ ಕೂತಿರುವಾಗ ಯಮನೂರಪ್ಪ ಕೂಸನ್ನು ಬಾಚಿ ಎತ್ತಿಕೊಂಡು, ಇವರೆಲ್ಲ ಇದನ್ನು ಮಣ್ಣು ಮಾಡಲು ಬಂದಿದ್ದಾರೆ ಎಂದು ಕೂಗುತ್ತ, ಬಲೆಯ ಚಪ್ಪರದೊಳಗೆ ಓಡಿಹೋದ. ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತು ಅದನ್ನು ಎದೆಗವುಚಿಕೊಂಡ. ನಾಲ್ಕು ಜನ ಗಂಡಸರು ಎಳೆದರು. ಎಳೆದಾಟದಲ್ಲಿ ಕೂಸಿನ ಮೊಣಕೈ ಸರಿಯಿತು. ಆಮೇಲೆ ಅವನನ್ನು ಚೆನ್ನಾಗಿ ಬಡಿದರು.

ಇಬ್ಬರನ್ನೂ ನಮ್ಮಲ್ಲಿಗೇ ತಂದರು. ಕೂಸಿನ ಕೈಗೆ ಪಟ್ಟಿ ಕಟ್ಟಿದರು. ನೋವಿನ ಔಷಧಿಯನ್ನು ನನ್ನ ಕಿಟಕಿಯಿಂದಲೇ ತೆಗೆದುಕೊಂಡ ರೇಣುಕಾ ಗಂಡನ ಕಡೆ ತಿರುಗಿಯೂ ನೋಡದೆ ಅಪ್ಪನ ಹಿಂದೆ ಹೋದಳು. ಅವನು ಒಳಗೆ ಮಂಚದ ಮೇಲೆ ಹೂವುಗಳಿಗೆ ಏನೋ ಸಮಾಧಾನ ಹೇಳುತ್ತಿದ್ದ. ಅಪ್ಪ ಮಗಳು ಮತ್ತೆ ಬರಲಿಲ್ಲ.

ಶರಣಮ್ಮನವರ ಕೋಣೆಯಲ್ಲಿ ಗಂಗವ್ವ ಸೆರಗಿನ ಗಂಟು ಬಿಚ್ಚಿ ಗುಳಿಗೆಯ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟಳು. ಹದಿಮೂರು ದಿನದಲ್ಲಿ ಒಂದೂ ಒಡೆದಿರಲಿಲ್ಲ.

“ಯಾಕವ್ವಾ? ಯಾಕ ಕೊಡಲಿಲ್ಲ?”

“ಸೂತಕ ಇತ್ತಲ್ರಿ ಅಕ್ಕಾರ. ದೇವರ ಮುಂದಿನ ಗುಳಿಗಿ ಸೂತಕದಾಗ ಹೆಂಗ ಮುಟ್ಟೂದ್ರಿ? ಇವತ್ತ ಜಗಲಿ ತೊಳದು, ನಾಳಿಂದ ಕೊಡ್ತಿದ್ನಿ.” ಆಕೆಯ ಧ್ವನಿಯಲ್ಲಿ ದೂರಿರಲಿಲ್ಲ. ಹೇಳಿದಂತೆ ತಪ್ಪದೆ ನಡೆದವಳ ಧ್ವನಿ ಅದು.

ಆಮೇಲೆ ಶರಣಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ನನ್ನನ್ನು ನೋಡಿ, “ನನಗ ಹೊಳೀಲೇ ಇಲ್ಲಲ್ರಿ ಸರ. ಇಷ್ಟ ವರ್ಷ ಜನರ ಮನಿಯಾಗ ಅಡ್ಡಾಡೀನಿ. ನನ್ನ ಮನಿ ಹಂಗ ಎಲ್ಲಾರ ಮನಿ ಅಂದ್ಕೊಂಡ್ನಲ್ರಿ,” ಎಂದರು. ಅಳಲಿಲ್ಲ. ಅತ್ತಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ಅದೂ ಖಾತ್ರಿಯಿಲ್ಲ.

ಮರುದಿನದಿಂದ ಅವರು ತಾವು ಕಟ್ಟಿದ್ದನ್ನು ತಾವೇ ಬಿಚ್ಚಲು ಹೊರಟರು. ರಜೆ ಹಾಕಿ, ಬೇಸಿಗೆಯ ಉರಿಬಿಸಿಲಲ್ಲಿ, ಕುಷ್ಟಗಿಯ ಹಳ್ಳಿಗಳನ್ನು ಒಂದೊಂದಾಗಿ ತಿರುಗಿದರು. ಗುಳಿಗೆ ದೇವರ ಮುಂದೆ ಬೇಡ, ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಇಡಿ, ಸೂತಕವಿರಲಿ ಮೈಲಿಗೆಯಿರಲಿ ನುಂಗಿ ಎಂದು ಕೈ ಮುಗಿದು ಹೇಳಿದರು. ಕೆಲವರು ಕೇಳಿದರು. ಕೆಲವರು, ಅಂದು ಹಾಗಂದಿರಿ, ಇಂದು ಹೀಗನ್ನುತ್ತೀರಿ ಎಂದು ಮುಖಕ್ಕೆ ಹೇಳಿದರು. ಹೆಚ್ಚಿನವರು ಗುಳಿಗೆಯನ್ನೇ ಬಿಟ್ಟರು. ಒಬ್ಬ ಹೆಣ್ಣುಮಗಳು ನನ್ನ ಕಿಟಕಿಗೇ ಬಂದು ಪಟ್ಟಿಗಳನ್ನು ತಿರುಗಿ ಕೊಟ್ಟಳು. “ದೇವರ ಮುಂದಿಂದ ತಗದ ಮ್ಯಾಲ ಇವು ಹತ್ತಂಗಿಲ್ರಿ. ಬರೇ ಸುಣ್ಣದ ತುಣುಕು,” ಎಂದಳು. ಪಟ್ಟಿಗಳನ್ನು ಎಣಿಸಿ ಒಳಗೆ ಇಟ್ಟುಕೊಂಡೆ.

ಅವರು ಬೆಳಗಿನ ಪೂಜೆ ಬಿಡಲಿಲ್ಲ. ವಿಭೂತಿ ಹಣೆಯ ಮೇಲೆ ಹಾಗೇ ಇತ್ತು. ಆದರೆ ಹಲಗೆಯ ಆ ಕಡೆಯಿಂದ ಶಿವನ ಹೆಸರು ಮತ್ತೆ ಕೇಳಿಸಲಿಲ್ಲ. ರೋಗಿಗಳಿಗೆ ಗುಳಿಗೆಯ ಬಗ್ಗೆ ಹೇಳುವಾಗ ಪುಸ್ತಕ ಓದಿದಂತೆ ಹೇಳುತ್ತಿದ್ದರು. ನಾನು ಕೆಣಕುವುದನ್ನು ನಿಲ್ಲಿಸಿದೆ. ಮಜ್ಜಿಗೆ ಮಾತ್ರ ಬರುತ್ತಿತ್ತು, ನಾನು ಕುಡಿಯುತ್ತಿದ್ದೆ.

ಯಮನೂರಪ್ಪ ಆಮೇಲೆ ಗುಳಿಗೆಗೆ ಒಪ್ಪಲೇ ಇಲ್ಲ. ಹನುಮಪ್ಪನೇ ತನ್ನ ಮೇಲೆ ಮುಖ ಮುಚ್ಚಿಕೊಂಡ, ಅವನೇ ಬೇಡವೆಂದ ಮೇಲೆ ನೀವ್ಯಾರು ಎನ್ನುತ್ತಿದ್ದ. ಶರಣಮ್ಮ ವಾರಕ್ಕೆರಡು ಸಲ ಅವನ ಊರಿಗೆ ಹೋಗಿ ಎದುರಿಗೆ ಕೂತು ಬಂದರು. ಉಗುರು ತೆಗೆಯಲು ಕೈ ಕೊಡುತ್ತಿದ್ದ, ಮಾತು ಕೊಡುತ್ತಿರಲಿಲ್ಲ. ಕೊಪ್ಪಳದ ಡಾಕ್ಟರು ಸೂಜಿಯ ಔಷಧಿ ಬರೆದರು. ಅದು ಬರುವ ಮೊದಲೇ, ಮೇ ತಿಂಗಳಲ್ಲಿ ಒಂದು ದಿನ, ಅವನು ಮನೆ ಬಿಟ್ಟು ಹೋದ. ಯಾರೋ ಹುಲಿಗಿಯಲ್ಲಿ ಹುಲಿಗೆಮ್ಮನ ಗುಡಿಯ ಹುಣ್ಣಿಮೆಯ ಜನದ ನಡುವೆ ಕಂಡೆವೆಂದರು. ಯಾರೋ ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಎಂದರು. ಗಂಗವ್ವ ಒಂದು ಫೋಟೋ ಹಿಡಿದುಕೊಂಡು ಎರಡೂ ಕಡೆ ಹೋದಳು, ಜೊತೆಗೆ ಶರಣಮ್ಮನೂ ಹೋದರು. ಹೊಳೆಯ ನಡುವಿನ ವಿರೂಪಾಪುರಗಡ್ಡೆಯವರೆಗೆ ನಡೆದು ಗದ್ದೆಯ ಕೂಲಿಗಳನ್ನೆಲ್ಲ ಕೇಳಿ ಬಂದರು. ಅವನು ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಆ ಬಸ್‌ಸ್ಟ್ಯಾಂಡಿನಲ್ಲಿ ನಾನು ದಿನಾ ಓಡಾಡುತ್ತೇನೆ. ಗಡ್ಡ ಬಿಟ್ಟವರನ್ನು ಕಂಡರೆ ಒಂದು ಕ್ಷಣ ನಿಲ್ಲುತ್ತೇನೆ.

ಜೂನಿನಲ್ಲಿ ಶರಣಮ್ಮನವರ ಗುತ್ತಿಗೆ ಮುಂದುವರಿಯಲಿಲ್ಲ. ಔಷಧಿಗೂ ದೇವರಿಗೂ ಗಂಟು ಹಾಕಿದರು ಎಂದು ಯಾರೋ ಅರ್ಜಿ ಬರೆದಿದ್ದರು. ಅದು ನಾನಲ್ಲ. ನಾನಲ್ಲ ಎಂದು ಹೇಳಿಕೊಳ್ಳಲು ನನಗೆ ಉಳಿದಿರುವುದು ಅದೊಂದೇ. ಅವರು ವಾದ ಮಾಡಲಿಲ್ಲ, ಯಾರ ಹತ್ತಿರವೂ ಹೋಗಲಿಲ್ಲ. “ಬರದದ್ದು ಸುಳ್ಳೇನಲ್ರಿ,” ಎಂದಷ್ಟೇ ಅಂದರು. ನನಗೂ ಅದೇ ತಿಂಗಳು ಗಂಗಾವತಿಗೆ ವರ್ಗವಾಯಿತು. ವರ್ಷವಿಡೀ ಕಾದಿದ್ದ ಆದೇಶ. ಕೈಗೆ ಬಂದಾಗ ಖುಷಿಯಾಗಲಿಲ್ಲ.

ಅವರನ್ನು ಬಸ್ಸಿಗೆ ಬಿಡಲು ಕುಷ್ಟಗಿ ಸ್ಟ್ಯಾಂಡಿನವರೆಗೆ ಹೋದೆ. ಒಂದು ಟ್ರಂಕು, ಆ ಬಟ್ಟೆಯ ಚೀಲ, ಇಷ್ಟೇ ಸಾಮಾನು. ಮೋಡ ಕಟ್ಟಿತ್ತು, ಮಳೆ ಬರುವ ಲಕ್ಷಣವಿರಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತೆವು. ಬೇವೂರಿನಲ್ಲಿ ಅಣ್ಣನ ಮನೆಯಿದೆ, ಮಕ್ಕಳಿಗೆ ಪಾಠ ಹೇಳಿಕೊಂಡು ಇರುತ್ತೇನೆ ಎಂದರು. ಗಂಗವ್ವನನ್ನು ಆಗಾಗ ನೋಡಿ ಬರುತ್ತೇನೆ ಎಂದರು. ನಾನು ಹೂಂಗುಟ್ಟಿದೆ.

“ಸರ, ಒಂದ ಮಾತ ಕೇಳಲೇನ್ರಿ?”

“ಕೇಳ್ರಿ ಅಕ್ಕಾರ.”

“ನಿಮ್ಮ ಮನಿಯಾಗ ಸೂತಕ ಹಿಡೀತಾರೇನ್ರಿ?”

ಸುಳ್ಳು ಹೇಳಬಹುದಿತ್ತು. ನಮ್ಮ ಮನೆತನ ಯಾವುದೆಂದು ಅವರಿಗೆ ಗೊತ್ತಿತ್ತು, ಗಂಗವ್ವ ಹೇಳಿಯೇ ಇರಬೇಕು. “ಹಿಡೀತಾರ್ರಿ,” ಎಂದೆ.

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಈಗ ಕೇಳುತ್ತಾರೆ ಎಂದುಕೊಂಡೆ. ನನಗೂ ಹೊಳೆಯಲಿಲ್ಲ ಎನ್ನುವ ಉತ್ತರ ಬಾಯಲ್ಲಿ ತಯಾರಾಗಿತ್ತು. ಅವರು ಕೇಳಲಿಲ್ಲ. ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡು, ಮುಖದಲ್ಲಿ ಸಿಟ್ಟಿನ ಗೆರೆಯೂ ಇಲ್ಲದೆ, ನನ್ನನ್ನೇ ನೋಡುತ್ತ ಕೂತರು. ಮಾತು ಹೊರಡದ ರೋಗಿಗಳ ಎದುರು ಅವರು ಕೂರುತ್ತಿದ್ದದ್ದೇ ಹಾಗೆ. ಎದುರಿಗಿರುವವನು ತಾನಾಗಿ ಹೇಳಲಿ ಎಂದು ಎಷ್ಟು ಹೊತ್ತಾದರೂ ಕಾಯುವರು. ಅಂದು ನನಗಾಗಿ ಕಾದರು. ಎರಡು ಬಸ್ಸು ಬಂದು ಹೋದವು. ಮೂರನೆಯದು ಯಲಬುರ್ಗಾದ್ದು, ಅವರು ಹತ್ತಬೇಕಾದದ್ದು. ಕಂಡಕ್ಟರು ಕೂಗಿದ ಮೇಲೂ ಅವರು ತಕ್ಷಣ ಏಳಲಿಲ್ಲ. ನಾನು ಎದ್ದೆ. ಟ್ರಂಕನ್ನು ಎತ್ತಿ ಬಸ್ಸಿನೊಳಗಿಟ್ಟು ಕೆಳಗಿಳಿದು ಬಂದೆ.